ಕೊಡಗಿನ ಕೋವಿ ಡೊಂಬಿವಲಿಗೆ ಬಂದರೆ? ನಿವೃತ್ತ ಯೋಧರು ತಿಳಿದಿರಬೇಕಾದ ಕಾನೂನು

ಠಾಣೆ: ಇಪ್ಪತ್ತು ವರ್ಷ ಗಡಿಯಲ್ಲಿ ರೈಫಲ್ ಹಿಡಿದು ನಿಂತವರಿಗೆ ನಿವೃತ್ತಿಯ ನಂತರ ಮನೆಯಲ್ಲೊಂದು ಕೋವಿ ಇಟ್ಟುಕೊಳ್ಳುವುದು ದೊಡ್ಡ ವಿಷಯವೇ? ಕೊಡಗಿನ ಐನ್‌ಮನೆಯಲ್ಲಾದರೆ ಅಲ್ಲ. ಅದೇ ಕೋವಿ ಡೊಂಬಿವಲಿಯ ಫ್ಲ್ಯಾಟಿಗೋ ಖಾರ್ಘರ್‌ನಲ್ಲಿರುವ ಮಗನ ಮನೆಗೋ ಬಂದರೆ ಕಥೆಯೇ ಬೇರೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡದ್ದು ಸಾಬೀತಾದರೆ ಸಾಮಾನ್ಯವಾಗಿ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ. ದೇಶಸೇವೆ ಮಾಡಿದವರು ಎಂಬ ಗೌರವ ಪೊಲೀಸ್ ಠಾಣೆಯಲ್ಲಿ ಒಂದು ಕುರ್ಚಿ ಕೊಡಿಸೀತು, ಆದರೆ ಎಫ್‌ಐಆರ್ ತಪ್ಪಿಸುವುದಿಲ್ಲ.

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮಾಜಿ ಸೈನಿಕರೂ ಇದ್ದಾರೆ. ಕೆಲವರು ಬ್ಯಾಂಕಿನಲ್ಲೋ ಹಣ ಸಾಗಿಸುವ ವ್ಯಾನಿನಲ್ಲೋ ಗನ್‌ಮ್ಯಾನ್ ಆಗಿ ದುಡಿಯುತ್ತಿದ್ದರೆ, ಇನ್ನು ಕೆಲವರು ವಯಸ್ಸಾದ ಮೇಲೆ ಮಕ್ಕಳ ಮನೆಗೆ ಬಂದವರು. ಹಲವರಿಗೆ ಕೋವಿ, ಕಾಡು, ಗುಡ್ಡ ಎಂದರೆ ಇವತ್ತಿಗೂ ಪ್ರಾಣ. ಅವರು ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಊರಲ್ಲೇ ಬಿಟ್ಟು ಬರಬೇಕು? ಇಲ್ಲಿದೆ ಮಾಹಿತಿ.

ಕೊಡಗಿಗೆ ಮಾತ್ರ ಯಾಕೆ ವಿನಾಯಿತಿ?

ಕೊಡವರಿಗೆ ಬಂದೂಕಿನ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. 1857ರ ದಂಗೆಯ ನಂತರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಾದಾಗಲೂ ಕೇಂದ್ರ ಸರ್ಕಾರ 1963ರ ಅಧಿಸೂಚನೆಯ ಮೂಲಕ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಸಿತು. ಇದು ಜಾತಿ ತಾರತಮ್ಯ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರೇ ಹೈಕೋರ್ಟ್ ಮೆಟ್ಟಿಲೇರಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಹೆಚ್ಚಿನವರು ಗಮನಿಸದ ಅಂಶವೆಂದರೆ, ಈ ವಿನಾಯಿತಿ ಶಾಶ್ವತವಲ್ಲ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 10 ವರ್ಷಕ್ಕೆ ನವೀಕರಿಸಿದೆ. ಅಂದರೆ 2029ರ ಅಕ್ಟೋಬರ್ 31ರವರೆಗೆ ಮಾತ್ರ.

ಜಿಲ್ಲೆ ದಾಟಿದ ಮೇಲೆ ಏನು? 1963ರ ಅಧಿಸೂಚನೆಯಲ್ಲೇ ಇದಕ್ಕೊಂದು ಷರತ್ತಿದೆ. ಕೊಡಗಿನ ಹೊರಗೆ ವಾಸವಿರುವಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ತೋಟೆ, ಇದಕ್ಕಿಂತ ಹೆಚ್ಚು ಇರಬಾರದು. ಹಾಗಾಗಿ ವಿನಾಯಿತಿ ಪಡೆದವರ ಕೋವಿ ಕಾಗದದ ಮಟ್ಟಿಗೆ ಡೊಂಬಿವಲಿಗೆ ಬರಬಹುದು. ಆದರೆ ಕಲ್ಯಾಣ ಜಂಕ್ಷನ್‌ನಲ್ಲಿ ಚೀಲ ತಪಾಸಣೆ ಮಾಡುವ ರೈಲ್ವೆ ಪೊಲೀಸರಿಗೆ ಜಮ್ಮಾ ಎಂದರೇನೆಂದು ಗೊತ್ತಿರಬೇಕು ಎಂದೇನಿಲ್ಲ. ಕೊಡಗು ಜಿಲ್ಲಾಧಿಕಾರಿ ಕಚೇರಿಯಿಂದ ಪಡೆದ ವಿನಾಯಿತಿ ಪತ್ರ ಕೈಯಲ್ಲಿರಬೇಕು, ಅದರಲ್ಲಿರುವ ನಂಬರ್ ಕೋವಿಯ ಮೇಲಿನ ನಂಬರಿಗೆ ತಾಳೆಯಾಗಬೇಕು. ಇಲ್ಲಿಗೆ ತಂದ ಮೇಲೆ ಸ್ಥಳೀಯ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳುವುದು ಕ್ಷೇಮ.

ಇನ್ನೊಂದು ಮಾತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಎಲ್ಲೆಂದರಲ್ಲಿ ಹಾರಿಸುವುದಕ್ಕಲ್ಲ. ಕೊಡಗಿನಲ್ಲಿ ಹುಟ್ಟಿಗೂ ಸಾವಿಗೂ ಗುಂಡು ಹಾರುತ್ತದೆ. ಕೈಲ್ ಪೊಳ್ದ್ ದಿನ ತೋಕ್‌ಪೂ ಮುಡಿಸಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಅದೇ ಸಂಭ್ರಮದಲ್ಲಿ ಕಲ್ಯಾಣದ ಮದುವೆ ಹಾಲ್ ಹೊರಗೆ ಒಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಉಳಿದವರಿಗೆ ಪರವಾನಗಿಯೇ ದಾರಿ

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಸೇನೆ ಸೇರಿ ಈಗ ಮುಂಬೈ ಸುತ್ತ ಕೆಲಸದಲ್ಲಿರುವವರಿಗೆ ಇಂಥ ಯಾವ ವಿನಾಯಿತಿಯೂ ಇಲ್ಲ. ಮಾಜಿ ಸೈನಿಕ ಎಂದ ಮಾತ್ರಕ್ಕೆ ಬಂದೂಕು ತಾನಾಗಿ ಸಿಗುವುದಿಲ್ಲ. ಠಾಣೆ, ಕಲ್ಯಾಣ, ಡೊಂಬಿವಲಿಯವರು ಠಾಣೆ ಪೊಲೀಸ್ ಕಮಿಷನರ್‌ಗೂ, ವಾಶಿ, ನೆರುಳ್, ಪನ್ವೇಲ್ ಕಡೆಯವರು ನವಿ ಮುಂಬೈ ಕಮಿಷನರ್‌ಗೂ ಅರ್ಜಿ ಹಾಕಬೇಕು. ಪೊಲೀಸ್ ವರದಿ ಬರಬೇಕು, ಬಂದೂಕನ್ನು ಭದ್ರವಾಗಿ ಇಡುತ್ತೇನೆಂದು ಬರೆದುಕೊಡಬೇಕು. ಒಬ್ಬರ ಹೆಸರಿನಲ್ಲಿ ಮೊದಲು 3 ಬಂದೂಕು ಇರಬಹುದಿತ್ತು. 2019ರ ತಿದ್ದುಪಡಿ ಅದನ್ನು 2ಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು.

ಸೇವೆಯಲ್ಲಿ ಬಳಸಿದಂಥದ್ದೇ ರೈಫಲ್ ಬೇಕು ಎಂಬ ಆಸೆ ಕೆಲವರಿಗೆ. ಅದು ಆಗದ ಮಾತು. .303 ಮತ್ತು 7.62 ಮಿ.ಮೀ. ನಂಥ ಸೇನೆಯ ಅಳತೆಗಳು ನಿಷೇಧಿತ ಬೋರ್ ಪಟ್ಟಿಯಲ್ಲಿವೆ. ನಾಗರಿಕರಿಗೆ ಸಾಮಾನ್ಯವಾಗಿ ಸಿಗುವುದು .315 ರೈಫಲ್, 12 ಬೋರ್ ಜೋಡಿ ನಳಿಗೆ ಅಥವಾ ಒಂಟಿ ನಳಿಗೆ, .32 ರಿವಾಲ್ವರ್.

ಗನ್‌ಮ್ಯಾನ್ ಕೆಲಸದವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಸ್ವಂತ ಬಂದೂಕು ಇದ್ದರೆ ಸಂಬಳ ಹೆಚ್ಚು, ಹಾಗಾಗಿ ಊರಿನ ಪರವಾನಗಿ ಹಿಡಿದು ಇಲ್ಲಿಗೆ ಬರುತ್ತಾರೆ. ಪರವಾನಗಿ ಪುಸ್ತಕದಲ್ಲಿ ವ್ಯಾಪ್ತಿ ಎಂಬ ಜಾಗದಲ್ಲಿ ಏನು ಬರೆದಿದೆ ಎಂದು ಮೊದಲು ನೋಡಿ. ಅಲ್ಲಿ ಕರ್ನಾಟಕ ಎಂದಷ್ಟೇ ಇದ್ದರೆ ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಪರವಾನಗಿ ಕೊಟ್ಟ ಉದ್ದೇಶವೂ ಮುಖ್ಯ, ಬೆಳೆ ರಕ್ಷಣೆಗೆಂದು ಪಡೆದ ಕೋವಿಯನ್ನು ಹೆಗಲಿಗೇರಿಸಿಕೊಂಡು ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವಂತಿಲ್ಲ. ವಾಸದ ಊರು ಬದಲಾದರೆ ಹೊಸ ಊರಿನ ಪರವಾನಗಿ ಅಧಿಕಾರಿಗೆ ತಿಳಿಸಬೇಕು. ಏಜೆಂಟರು ದುಡ್ಡಿಗೆ ಮಾಡಿಸಿಕೊಡುವ ದೂರದ ರಾಜ್ಯಗಳ ಪರವಾನಗಿಯಂತೂ ಬೇಡವೇ ಬೇಡ. ಜಮ್ಮು ಮತ್ತು ಕಾಶ್ಮೀರದಲ್ಲಿ ಹೀಗೆ ಸಾರಾಸಗಟಾಗಿ ಕೊಟ್ಟ ಪರವಾನಗಿಗಳ ಬಗ್ಗೆ ಸಿಬಿಐ ತನಿಖೆಯೇ ನಡೆದಿದೆ. ಅಲ್ಲಿ ಸಿಕ್ಕಿಬಿದ್ದರೆ ಹೋಗುವುದು ಬಂದೂಕು ಮಾತ್ರವಲ್ಲ, ಕೆಲಸವೂ ಹೋಗುತ್ತದೆ.

10 ಕಿಲೋಮೀಟರ್ ನಿಯಮ ಗೊತ್ತೇ?

ಈ ಭಾಗದಲ್ಲಿ ಬಂದೂಕು ಇಟ್ಟುಕೊಳ್ಳುವವರು ನಿಜಕ್ಕೂ ಎಡವುವುದು ಇಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ, ಬಂದೂಕು ಹೊಂದಿರುವವರು ಅಭಯಾರಣ್ಯ ಘೋಷಣೆಯಾದ 3 ತಿಂಗಳೊಳಗೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಲು ಅರ್ಜಿ ಕೊಡಬೇಕು. ಪರವಾನಗಿ ಇರುವವರಷ್ಟೇ ಅಲ್ಲ, ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಪಡೆದವರೂ ಇದರ ವ್ಯಾಪ್ತಿಗೆ ಬರುತ್ತಾರೆ ಎಂದು ಕಾಯ್ದೆಯೇ ಹೇಳುತ್ತದೆ. ಅಂದರೆ ಕೊಡಗಿನ ವಿನಾಯಿತಿ ಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈ ವಲಯದಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ವಾರ್ಡನ್ ಒಪ್ಪಿಗೆ ಮೊದಲೇ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ನಿಯಮ.

ಈಗ ನಕ್ಷೆ ತೆರೆದು ನೋಡಿ. ಠಾಣೆ ನಗರದ ಬೆನ್ನಿಗೇ ಯೇವೂರು ಗುಡ್ಡ, ಅದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು. ಐರೋಳಿ, ವಾಶಿಯ ಮಗ್ಗುಲಲ್ಲಿ 2015ರಲ್ಲಿ ಘೋಷಣೆಯಾದ ಠಾಣೆ ಕೊಲ್ಲಿಯ ಫ್ಲೆಮಿಂಗೊ ಅಭಯಾರಣ್ಯ. ಪನ್ವೇಲ್ ಹತ್ತಿರ ಕರ್ನಾಳಾ ಪಕ್ಷಿಧಾಮ. ಠಾಣೆ ನಗರ ಮತ್ತು ನವಿ ಮುಂಬೈಯ ಬಹುಭಾಗ ಈ ಮೂರರಲ್ಲಿ ಒಂದರ ವಲಯಕ್ಕೆ ಸೇರುತ್ತದೆ. ಕಲ್ಯಾಣ, ಡೊಂಬಿವಲಿಯವರು ತಮ್ಮ ಮನೆಯಿಂದ ಅಳತೆ ಮಾಡಿಯೇ ನೋಡಬೇಕು. ಘೋಷಣೆಯಾದ ಎಷ್ಟೋ ವರ್ಷದ ನಂತರ ಬಂದು ನೆಲೆಸಿದವರು ವನ್ಯಜೀವಿ ವಿಭಾಗದ ಕಚೇರಿಗೆ ಒಂದು ಪತ್ರ ಬರೆದು ಕೇಳಿಕೊಳ್ಳುವುದು ಒಳ್ಳೆಯದು.

ಊರಿನ ಹವ್ಯಾಸ ಬೇಟೆ ಎಂದಾದರೆ ಅದನ್ನು ಮರೆತುಬಿಡಿ. ದೇಶದಲ್ಲಿ ಶೋಕಿಗಾಗಿ ಬೇಟೆಯಾಡಲು ಅವಕಾಶವೇ ಇಲ್ಲ. ಮುರ್ಬಾಡ್, ಶಹಾಪುರ ಕಡೆಯ ಹಳ್ಳಿಯ ಗೆಳೆಯರು ಹಂದಿ ಕಾಟ ಎಂದು ಕರೆದರೂ, ಅಧಿಕಾರ ಇರುವ ಅಧಿಕಾರಿಯ ಅನುಮತಿ ಇಲ್ಲದೆ ಹೊಡೆದರೆ ಅದು ಅಪರಾಧ. ಪ್ರಾಣಿ ಸಿಗದಿದ್ದರೂ ಪ್ರಯತ್ನ ಮಾಡಿದ್ದೇ ಬೇಟೆ ಎನಿಸಿಕೊಳ್ಳುತ್ತದೆ. ಕೋವಿಯ ಜೊತೆ ಜೀಪೂ ಜಪ್ತಿಯಾಗಬಹುದು.

ಏರ್ ರೈಫಲ್‌ಗೆ ಪರವಾನಗಿ ಬೇಕೇ?

ಗುರಿ ಇಡುವ ಚಪಲ ತೀರಿಸಿಕೊಳ್ಳಲು ಸುಲಭದ ದಾರಿ ಏರ್ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ ಏರ್ ರೈಫಲ್‌ಗೆ ಪರವಾನಗಿ ಬೇಡ. .22 ಬೋರ್ ಏರ್ ರೈಫಲ್ ಆದರೆ ಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಈ ಎರಡು ಅಂಕಿ ನೋಡದೆ ದುಡ್ಡು ಕಟ್ಟಬೇಡಿ. ಹಾಗೆಂದು ಟೆರೇಸಿನಿಂದ ಪಾರಿವಾಳಕ್ಕೋ ಕೊಕ್ಕರೆಗೋ ಹೊಡೆಯುವಂತಿಲ್ಲ.

ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲಿ ಬಳಸುವುದೂ ಇದೇ .177, ಅಂದರೆ 4.5 ಮಿ.ಮೀ. ರೈಫಲ್. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಶೂಟಿಂಗ್ ಪದಕಗಳಲ್ಲಿ ಸೇನೆಯ ಪಾಲೂ ದೊಡ್ಡದು. 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್, 2012ರಲ್ಲಿ ವಿಜಯ್ ಕುಮಾರ್, ಇಬ್ಬರೂ ಬೆಳ್ಳಿ ಗೆದ್ದಾಗ ಸೇನೆಯಲ್ಲಿದ್ದವರು. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಮಧ್ಯ ರೈಲ್ವೆಯ ನೌಕರ. ಈ ಭಾಗದವರು ದಿನಾ ಲೋಕಲ್ ಹತ್ತುವುದೂ ಅದೇ ರೈಲ್ವೆಯಲ್ಲಿ. ಮುಂಬೈಯ ವರ್ಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್‌ನ ರೇಂಜ್ ಇದೆ. ಡೊಂಬಿವಲಿಯಿಂದ ದೂರವೇ, ಆದರೂ ನಿವೃತ್ತರ ಬಳಿ ಸಮಯಕ್ಕೆ ಬರವಿಲ್ಲ. ಮೊಮ್ಮಗನನ್ನೂ ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಚೆನ್ನ.

ಬೆನ್ನಿನ ಚೀಲದಲ್ಲಿ ಏನಿದೆ?

ಗುಡ್ಡ ಹತ್ತುವವರಿಗೆ ಈ ಊರುಗಳಷ್ಟು ಅನುಕೂಲದ ಜಾಗ ಸಿಗುವುದು ಕಷ್ಟ. ಕಸಾರಾ ಲೋಕಲ್ ಹತ್ತಿದರೆ ಆಸನಗಾಂವ್‌ನಲ್ಲಿಳಿದು ಮಾಹುಲಿ ಕೋಟೆ, ಕಲ್ಯಾಣದಿಂದ ಬಸ್ಸಿನಲ್ಲಿ ಮುರ್ಬಾಡ್ ದಾಟಿದರೆ ನಾಣೇಘಾಟ್, ಪನ್ವೇಲ್ ಕಡೆ ಪ್ರಬಳಗಡ. ಸೇನೆಯಲ್ಲಿ ಕಲಿತ ನಕ್ಷೆ ಓದುವ ವಿದ್ಯೆ, ದಿಕ್ಸೂಚಿ, ಹಳೆಯ ಬೂಟು, ನೀರಿನ ಬಾಟಲಿ, ಎಲ್ಲಕ್ಕೂ ಇಲ್ಲಿ ಕೆಲಸವಿದೆ.

ಕತ್ತಿಯ ವಿಷಯದಲ್ಲಿ ಮಾತ್ರ ಎಚ್ಚರ. ವನ್ಯಜೀವಿ ಕಾಯ್ದೆಯ ಪ್ರಕಾರ ಚಾಕು, ಬಲೆ, ಮೀನಿನ ಗಾಳ ಕೂಡ ಆಯುಧವೇ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಹಾಗಾಗಿ ಕರ್ನಾಳಾಕ್ಕೋ ಯೇವೂರಿಗೋ ಹೊರಟಾಗ ಚೀಲದಲ್ಲಿ ಖುಕ್ರಿ ಇದ್ದರೆ ಮನೆಯಲ್ಲೇ ಇಟ್ಟು ಹೋಗಿ. ಹಬ್ಬ, ಮೆರವಣಿಗೆ, ಚುನಾವಣೆಯ ಸಮಯದಲ್ಲಿ ಪೊಲೀಸ್ ಕಮಿಷನರ್‌ಗಳು ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಸೆಕ್ಷನ್ ಅಡಿ ಆಯುಧ, ದೊಣ್ಣೆ ಒಯ್ಯುವುದನ್ನು ನಿಷೇಧಿಸುತ್ತಾರೆ. ಡೊಂಬಿವಲಿಯ ಮದುವೆಯಲ್ಲಿ ಕುಪ್ಪಸದ ಮೇಲೆ ಪೀಚೆಕತ್ತಿ ಸಿಕ್ಕಿಸಿಕೊಂಡ ಕೊಡವ ವರ ಛತ್ರದೊಳಗೆ ಚೆಂದ ಕಾಣುತ್ತಾನೆ, ಅಂಥ ಆದೇಶ ಇರುವ ದಿನ ಬೀದಿಯ ದಿಬ್ಬಣಕ್ಕೆ ಮಾತ್ರ ಮೊದಲೇ ಠಾಣೆಯಲ್ಲಿ ಕೇಳಿಕೊಳ್ಳಬೇಕು.

ಸೇನೆಯ ಮಾದರಿಯ ಬಟ್ಟೆಯೂ ಹಾಗೆಯೇ. ಸೈನಿಕನಲ್ಲದವರು ಸೈನಿಕರೆಂದು ನಂಬಿಸುವ ಉದ್ದೇಶದಿಂದ ಸಮವಸ್ತ್ರ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್ ಅಡಿ 3 ತಿಂಗಳವರೆಗೆ ಜೈಲು ಆಗಬಹುದು. ಅಪ್ಪನ ಜಾಕೆಟ್ ಹಾಕಿಕೊಂಡು ಟೋಲ್‌ನಲ್ಲಿ ಜೋರು ಮಾಡುವ ಮಕ್ಕಳಿಗೆ ಇದನ್ನು ಹೇಳಿಬಿಡಿ.

ಅಪ್ಪ ತೀರಿಕೊಂಡರೆ ಕೋವಿ ಯಾರಿಗೆ?

ಹೆಚ್ಚಿನ ಮನೆಗಳಲ್ಲಿ ಸಮಸ್ಯೆ ಶುರುವಾಗುವುದೇ ಇಲ್ಲಿಂದ. ಪರವಾನಗಿದಾರರು ತೀರಿಕೊಂಡ ದಿನದಿಂದ ಮನೆಯಲ್ಲಿರುವ ಬಂದೂಕಿಗೆ ಕಾಗದದ ರಕ್ಷಣೆ ಇರುವುದಿಲ್ಲ. ತಿಥಿ ಮುಗಿಯಲಿ, ಆಸ್ತಿ ಪಾಲಾಗಲಿ ಎಂದು ಬೀರುವಿನಲ್ಲೇ ಇಟ್ಟುಕೊಂಡರೆ ಹೆಂಡತಿ, ಮಕ್ಕಳೇ ಆರೋಪಿಗಳಾಗುವ ಅಪಾಯವಿದೆ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲಿ ಅದನ್ನು ಠೇವಣಿ ಇಡಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು, ಬೇಡವಾದರೆ ಪರವಾನಗಿ ಇರುವವರಿಗೆ ಮಾರಬಹುದು.

ಸಾವಿನವರೆಗೆ ಕಾಯಬೇಕಾಗಿಯೂ ಇಲ್ಲ. 2016ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಬಹುದು. ಮಗ ಡೊಂಬಿವಲಿಯಲ್ಲಿ, ಅಪ್ಪ ವಿರಾಜಪೇಟೆಯಲ್ಲೋ ಗೋಕಾಕದಲ್ಲೋ ಇದ್ದರೆ ಮುಂದಿನ ಬಾರಿ ಊರಿಗೆ ಹೋದಾಗ ಪರವಾನಗಿ ಪುಸ್ತಕ ಎಲ್ಲಿದೆ, ಯಾವ ವರ್ಷದವರೆಗೆ ನವೀಕರಣವಾಗಿದೆ, ತೋಟೆಗಳು ಎಷ್ಟಿವೆ ಎಂದು ಅಪ್ಪನ ಹತ್ತಿರ ಕೂತು ಕೇಳಿ. ಠೇವಣಿ ಇಡುವಾಗ ಬಂದೂಕಿನ ನಂಬರ್, ತೋಟೆಗಳ ಲೆಕ್ಕ, ದಿನಾಂಕ ಮೂರೂ ಇರುವ ರಸೀದಿ ಪಡೆಯಿರಿ. ಹೆಸರು ಬದಲಾವಣೆಯ ಅರ್ಜಿಗೆ ಮುಂದೆ ಅದೇ ಆಧಾರ.