ನಿಮಗಿದು ಗೊತ್ತೇ? ಕಾರಿನ ಗಾಜು ಏಕೆ ಏರುವುದಿಲ್ಲ

ಪವರ್ ವಿಂಡೋ ನಿಧಾನವಾಯಿತೆಂದರೆ ಮೋಟರ್ ಹೋಯಿತೆಂದೇ ಹೆಚ್ಚಿನವರ ಲೆಕ್ಕ. ಕೊಪ್ಪಳ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ಗಾಜು ಜಾರುವ ರಬ್ಬರ್ ಬೀಡಿಂಗನ್ನು. ಕುಷ್ಟಗಿಯ ಗ್ರಾನೈಟ್ ಪುಡಿ, ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಕರಿ ಧೂಳು, ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ, ಯಲಬುರ್ಗಾದ ಎರೆಮಣ್ಣು, ಎಲ್ಲವೂ ಕೂರುವುದು ಅಲ್ಲೇ.

ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್‌ನ ಗಡಸುತನ ಮೋಸ್ ಮಾನದಲ್ಲಿ 7. ಗಾಜಿನದು ಸುಮಾರು 5.5. ಗಾಜಿನ ಮೇಲೆ ಮೂಡುವ ಉದ್ದುದ್ದ ಗೀರುಗಳು ಆ ಧೂಳು ಎಳೆದವು.

ಎಂಜಿನ್ ಆಯಿಲ್, ಗ್ರೀಸ್ ಹಚ್ಚಲೇಬೇಡಿ. ಧೂಳು ಇನ್ನಷ್ಟು ಅಂಟುತ್ತದೆ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಗಾಜು ಪೂರ್ತಿ ಇಳಿಸಿ, ಒದ್ದೆ ಬಟ್ಟೆಯಿಂದ ಬೀಡಿಂಗಿನ ಒಳಸಂದಿಯನ್ನು ಬಟ್ಟೆಗೆ ಮಣ್ಣು ಬರುವುದು ನಿಲ್ಲುವವರೆಗೂ ಒರೆಸಿ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕಾರು ಬಾರಿ ಏರಿಸಿ ಇಳಿಸಿ. ಹೊಸ ಮೋಟರ್ ಕೊಳ್ಳುವ ಮೊದಲು ಇಷ್ಟು ಮಾಡಲೇಬೇಕು.

ನಾಲ್ಕೂ ಗಾಜು ನಿಧಾನವೇ? ಬ್ಯಾಟರಿ, ಅರ್ಥಿಂಗ್ ನೋಡಿಸಿ. ಎಂಜಿನ್ ಚಾಲೂ ಇದ್ದಾಗ ಸುಮಾರು 14 ವೋಲ್ಟ್ ಸಿಗುತ್ತದೆ, ಆಫ್ ಇದ್ದಾಗ 12.6ರ ಆಸುಪಾಸು, ಗಾಜಿನ ವೇಗದಲ್ಲೂ ಆ ವ್ಯತ್ಯಾಸ ಕಾಣುತ್ತದೆ. ಒಂದೇ ಗಾಜು ಮೊಂಡಾಟ ಮಾಡಿದರೆ ದೋಷ ಹೆಚ್ಚಾಗಿ ಆ ಬಾಗಿಲಿನಲ್ಲೇ.

ಬೇಸಿಗೆಯಲ್ಲಿ ಮಕ್ಕಳು ಸ್ವಿಚ್ ಒತ್ತುತ್ತಲೇ ಇದ್ದರೆ ಗಾಜು ತಟ್ಟನೆ ನಿಲ್ಲಬಹುದು. ಹೆದರಬೇಡಿ. ಹಲವು ಮೋಟರುಗಳಲ್ಲಿ ಕಾವೇರಿದಾಗ ತಾನೇ ಕರೆಂಟ್ ಕಡಿಯುವ ವ್ಯವಸ್ಥೆ ಇರುತ್ತದೆ. ತಣ್ಣಗಾದರೆ ಮತ್ತೆ ಓಡುತ್ತದೆ.

ಬ್ಯಾಟರಿ ಕಳಚಿ ಹಾಕಿದ ಮೇಲೆ ಒಂದೇ ಒತ್ತಿಗೆ ಏರುತ್ತಿದ್ದ ಗಾಜು ಏರದಿದ್ದರೆ, ಪೂರ್ತಿ ಮುಚ್ಚಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದಿಡಿ. ಬಹಳ ಕಾರುಗಳಲ್ಲಿ ಇಷ್ಟೇ ಸಾಕು.

ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹರಿದುಹೋಗಲು ತೂತುಗಳಿರುತ್ತವೆ. ಎರೆಮಣ್ಣು ಕಟ್ಟಿಕೊಂಡರೆ ಮಳೆನೀರು ಒಳಗೇ ನಿಂತು ಗಾಜು ಎತ್ತುವ ರೆಗ್ಯುಲೇಟರ್ ತುಕ್ಕು ಹಿಡಿಯುತ್ತದೆ.

1940ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರು ಪವರ್ ವಿಂಡೋ ತಂದಾಗ ಗಾಜನ್ನು ಎತ್ತುತ್ತಿದ್ದುದು ಹೈಡ್ರಾಲಿಕ್ ಒತ್ತಡ.

ಇದನ್ನು ಮನೆಯವರಿಗೆಲ್ಲ ಹೇಳಿಡಿ: ಗಂಗಾವತಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯಂಥ ನೀರಿಗೆ ಕಾರು ಬಿದ್ದರೆ ಬಾಗಿಲಿನೊಂದಿಗೆ ಹೆಣಗಬೇಡಿ, ಹೊರಗಿನ ನೀರು ಅದನ್ನು ಒತ್ತಿ ಹಿಡಿದಿರುತ್ತದೆ. ಮೋಟರ್ ಇನ್ನೂ ಓಡುವಾಗಲೇ ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಹೊರಬನ್ನಿ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದಿಂದ ಹೊಡೆಯಿರಿ. ಮುಂದಿನ ಗಾಜು ಪದರಗಳದ್ದು, ಬಿರುಕು ಬಿಟ್ಟರೂ ದಾರಿ ಬಿಡುವುದಿಲ್ಲ.