ಹತೋಟಿಗೆ ಬಾರದ ಮೂರ್ಛೆರೋಗ ಮತ್ತು ಫಿನೋಬಾರ್ಬಿಟಾಲ್: ಯಳಂದೂರು ಅಧ್ಯಯನ ಕಲಿಸುವ ಪಾಠ

ಇವತ್ತು ನಾನು ಮಾತಾಡೋದು ಫಿನೋಬಾರ್ಬಿಟಾಲ್ ಬಗ್ಗೆ. ಗಾರ್ಡಿನಾಲ್ ಅಂದರೆ ಬಹಳ ಜನಕ್ಕೆ ಬೇಗ ಗೊತ್ತಾಗುತ್ತದೆ. ನಿದ್ದೆಗೆಂದು ಕೊಡುತ್ತಿದ್ದ ಈ ಔಷಧಿ ಫಿಟ್ಸನ್ನೂ ತಡೆಯುತ್ತದೆ ಎಂದು 1912ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್ ವರದಿ ಮಾಡಿದರು. ಇಂದಿಗೂ ಇದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಇದು ಕೆಲಸ ಮಾಡೋದು ಹೀಗೆ. ಮಿದುಳಿನ ನರಕೋಶಗಳ ಉದ್ರೇಕಕ್ಕೆ ಗಾಬಾ ಎಂಬ ರಾಸಾಯನಿಕ ಕಡಿವಾಣ ಹಾಕುತ್ತದೆ. ಅದು ತೆರೆಯುವ ಕ್ಲೋರೈಡ್ ಬಾಗಿಲನ್ನು ಫಿನೋಬಾರ್ಬಿಟಾಲ್ ಇನ್ನಷ್ಟು ಹೊತ್ತು ತೆರೆದಿಡುತ್ತದೆ. ದೊಡ್ಡವರಲ್ಲಿ ಇದರ ಅರ್ಧಾಯುಷ್ಯ ಸುಮಾರು 3-4 ದಿನ. ಹಾಗಾಗಿ ರಾತ್ರಿ ಒಂದೇ ಹೊತ್ತು ತಗೊಂಡರೆ ಸಾಕು. ಆದರೆ ರಕ್ತದಲ್ಲಿ ಅದರ ಮಟ್ಟ ಸ್ಥಿರವಾಗಲು 2-3 ವಾರ ಬೇಕು. ನಾಲ್ಕು ದಿನ ನುಂಗಿ ‘ಗುಣ ಕಾಣಲಿಲ್ಲ’ ಅನ್ನೋಕೆ ಆಗೋದಿಲ್ಲ.

ಹಳ್ಳಿಯಲ್ಲಿ ಈ ಔಷಧಿ ಎಷ್ಟು ಉಪಯೋಗ ಎಂಬುದಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರು ಭಾಗದ 135 ರೋಗಿಗಳಿಗೆ ಫಿನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಗುಳಿಗೆ ತಪ್ಪಿಸದವರಿಗೆ ಫಲ ಚೆನ್ನಾಗಿ ಸಿಕ್ಕಿತು. ಚಿಕಿತ್ಸೆಗೆ ಮುಂಚೆಯೇ 30ಕ್ಕಿಂತ ಹೆಚ್ಚು ಸಲ ದೊಡ್ಡ ಫಿಟ್ಸ್ ಬಂದಿದ್ದವರಲ್ಲಿ ರೋಗ ಅಷ್ಟು ಸುಲಭಕ್ಕೆ ಹತೋಟಿಗೆ ಬರಲಿಲ್ಲ. ಅಂದರೆ ತಡಮಾಡೋದಕ್ಕೂ ಬೆಲೆ ತೆರಬೇಕು.

ನನ್ನ ವಾದ ಇಷ್ಟೇ: ‘ಔಷಧಿಗೆ ಬಗ್ಗದ ರೋಗ’ ಎಂದು ಬರೆಯುವ ಮುನ್ನ ಗುಳಿಗೆ ಹೊಟ್ಟೆಗೆ ಹೋಗಿದೆಯೇ ಎಂದು ಕೇಳಬೇಕು. ಸರಿಯಾಗಿ ಆರಿಸಿದ, ಸರಿಯಾಗಿ ಬಳಸಿದ ಎರಡು ಔಷಧಿಗಳು ಸೋತರೆ ಮಾತ್ರ ಆ ಹೆಸರು ಒಪ್ಪುತ್ತದೆ. ನಮ್ಮ ಕಬನೂರ, ಇಚಲಕರಂಜಿಯಂಥ ಮಗ್ಗದ ಊರುಗಳಲ್ಲಿ ಇನ್ನೊಂದು ಪ್ರಶ್ನೆಯೂ ಬೇಕು: ರಾತ್ರಿ ಪಾಳಿ ಇದೆಯೇ? ನಿದ್ದೆಗೇಡೂ ಫಿಟ್ಸಿಗೆ ದಾರಿ.

ದೋಷಗಳೂ ಇವೆ. ಮಂಪರು ಬರುತ್ತದೆ, ಕೆಲವು ಮಕ್ಕಳಲ್ಲಿ ಚಡಪಡಿಕೆ ಕಾಣುತ್ತದೆ. ಗರ್ಭನಿರೋಧಕ ಗುಳಿಗೆಯ ಬಲ ಕುಗ್ಗುತ್ತದೆ, ಗರ್ಭಿಣಿಯ ಶಿಶುವಿಗೂ ಅಪಾಯ ಇದೆ. ಆದರೆ ಮಂಪರಿಗೆ ಬೇಸತ್ತು ಒಮ್ಮೆಲೇ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಬಿಡೋದಾದರೆ ವೈದ್ಯರ ಕಣ್ಗಾವಲಿನಲ್ಲಿ, ನಿಧಾನಕ್ಕೆ ಬಿಡಬೇಕು. ಚೀಟಿ ಬರೆಯುವ ದಿನವೇ ಈ ಮಾತನ್ನು ರೋಗಿಗೆ ಅವರ ಭಾಷೆಯಲ್ಲೇ ಹೇಳಬೇಕು.