ಪೆಟ್ಟು ಮೊದಲು ಮೊಣಕಾಲಿಗೆ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಜೆ.ಸಿ. ರಸ್ತೆ ಹಿಡಿದರೆ ಉದ್ದಕ್ಕೂ ವಾಹನಗಳ ಬಿಡಿಭಾಗದ ಅಂಗಡಿಗಳು. ಪಕ್ಕದ ಗಲ್ಲಿಗಳಿಗೆ ಇಳಿದರೆ ತಗಡು ಬಡಿಯುವ ಸದ್ದು, ಪೇಂಟಿನ ವಾಸನೆ. ಗುದ್ದಿಸಿಕೊಂಡು ಬಂದ ಆಟೋ ಇಲ್ಲಿ ಮತ್ತೆ ನೆಟ್ಟಗಾಗುತ್ತದೆ. ಅದನ್ನು ಓಡಿಸುತ್ತಿದ್ದವನಿಗೆ ಏನಾಗಿರಬಹುದು ಎಂಬುದನ್ನು ಆಟೋದ ಮೂತಿಯೇ ಹೇಳುತ್ತದೆ.

ಅಂಥ ಒಂದು ಗಾಡಿಯ ಮುಂದೆ ನಿಂತು ನೋಡಿ. ಮೊದಲು ಒಂಟಿ ಚಕ್ರ, ಅದರ ಹಿಂದೆ ತೆಳು ತಗಡು, ತಗಡಿಗೆ ಅಂಟಿಕೊಂಡಂತೆ ಚಾಲಕನ ಮೊಣಕಾಲುಗಳು. ಎಂಜಿನ್ ಇರುವುದು ಹಿಂದೆ. ಕಾರಿನಲ್ಲಾದರೆ ಮುಂದಿನ ಬಾನೆಟ್ ನುಜ್ಜಾಗುತ್ತ ಪೆಟ್ಟಿನ ಒಂದು ಪಾಲನ್ನು ನುಂಗುತ್ತದೆ. ಇಲ್ಲಿ ಆ ಪಾಲೂ ಕಾಲಿಗೇ. ಆಮೇಲೆ ಹ್ಯಾಂಡಲ್ ಎದೆಗೋ ಹೊಟ್ಟೆಗೋ, ಮುಂಗಾಜು ಹಣೆಗೆ. ತಿರುವಿನಲ್ಲಿ ಗಕ್ಕನೆ ಬ್ರೇಕ್ ಒತ್ತಿದರೆ ಭಾರವೆಲ್ಲ ಆಸರೆಯಿಲ್ಲದ ಮುಂದಿನ ಮೂಲೆಗೆ ವಾಲಿ ಗಾಡಿ ಪಲ್ಟಿಯಾಗುತ್ತದೆ. ಪಕ್ಕಕ್ಕೆ ಗಟ್ಟಿ ಬಾಗಿಲಿಲ್ಲ, ಬಹುತೇಕ ಗಾಡಿಗಳಲ್ಲಿ ಸೀಟ್ ಬೆಲ್ಟ್ ಇಲ್ಲ. ಚಾಲಕ ಹೊರಗೆ ಬೀಳುತ್ತಾನೆ, ಗಾಡಿ ಅವನ ಮೇಲೆ ಬೀಳುತ್ತದೆ.

ಲಾಲ್‌ಬಾಗಿನ ಪಶ್ಚಿಮ ದ್ವಾರ, ಅಶೋಕ ಸ್ತಂಭ ದಾಟಿ ಜಯನಗರದ ಪೂರ್ವ ಅಂಚಿಗೆ ಬಂದರೆ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ. ಅಲ್ಲಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಿಲ್ಲ. ಮೂಳೆ ಮುರಿದರೆ ಸಂಜಯ ಗಾಂಧಿ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್ ಎಂದು ಈ ಊರಿನ ಆಟೋದವರಿಗೆ ಹೇಳಿಕೊಡಬೇಕಿಲ್ಲ. ಗಾಯಾಳುಗಳನ್ನು ಎಷ್ಟೋ ಸಲ ಇಲ್ಲಿಗೆ ತಂದು ಇಳಿಸುವವರೂ ಅವರೇ.

ಮೊಣಕಾಲಿಗೆ ನೇರ ಪೆಟ್ಟು ಬಿದ್ದರೆ ಚಿಪ್ಪು ಒಡೆಯಬಹುದು, ತೊಡೆಮೂಳೆ ಮುರಿಯಬಹುದು. ಅದೇ ಹೊಡೆತ ತೊಡೆಯುದ್ದಕ್ಕೂ ಹಿಂದಕ್ಕೆ ಸಾಗಿ ಸೊಂಟದ ಕೀಲನ್ನೇ ತಪ್ಪಿಸುವುದೂ ಉಂಟು. ರಾಡ್ ಹಾಕಿಸಿಕೊಂಡು ಮನೆಗೆ ಹೋದವನು ಮತ್ತೆ ಸೀಟಿಗೆ ಬರಲು ತಿಂಗಳುಗಳೇ ಬೇಕು. ಆಟೋದ ಬ್ರೇಕ್ ಇರುವುದು ಬಲಗಾಲಿನಲ್ಲಿ, ಕ್ಲಚ್ಚು ಮತ್ತು ಗೇರು ಸಾಮಾನ್ಯವಾಗಿ ಎಡಗೈಯಲ್ಲಿ. ಇವೆರಡರಲ್ಲಿ ಒಂದು ಕೈಕೊಟ್ಟರೂ ದುಡಿಮೆ ನಿಂತಂತೆ.

ನೆರವೇ ಇಲ್ಲವೆಂದಲ್ಲ. 2016ರಲ್ಲಿ ನೆಲಮಂಗಲದ ಬಳಿ ಅಪಘಾತಕ್ಕೆ ಸಿಕ್ಕು, ಸಾಯುವ ಹೊತ್ತಿನಲ್ಲೂ ಅಂಗದಾನ ಮಾಡುವಂತೆ ಕೇಳಿಕೊಂಡ ಹರೀಶ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು: ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆ. ಕೇಂದ್ರದ 2025ರ ಯೋಜನೆಯಲ್ಲಿ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಇದೆ. ಇವು ಜೀವ ಉಳಿಸುತ್ತವೆ. ಎಂಟನೆಯ ದಿನದಿಂದ ಮನೆ ನಡೆಸುವುದು ಹೇಗೆ?

ಮಾಲೀಕ-ಚಾಲಕನಿಗೆ 2018ರಿಂದ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ ಇದೆ. ಆದರೆ ಅದು ಸತ್ತರೆ, ಕೈಕಾಲು ಅಥವಾ ಕಣ್ಣು ಹೋದರೆ, ಶಾಶ್ವತವಾಗಿ ಪೂರ್ತಿ ಅಂಗವಿಕಲನಾದರೆ ಮಾತ್ರ. ಆರು ತಿಂಗಳಲ್ಲಿ ಕೂಡಿಕೊಳ್ಳುವ ಕಾಲಿಗೆ ಅದರಲ್ಲಿ ಏನೂ ಇಲ್ಲ. ಗಾಡಿ ತನ್ನ ಹೆಸರಿನಲ್ಲಿಲ್ಲದೆ ದಿನಬಾಡಿಗೆಗೆ ಓಡಿಸುವವನಿಗೆ ಆ ರಕ್ಷಣೆಯೂ ತಾನಾಗಿ ಬರುವುದಿಲ್ಲ. ಗುಂಡಿ ತಪ್ಪಿಸಲು ಹೋಗಿ ತಾನೇ ಪಲ್ಟಿ ಹೊಡೆದರೆ ಪರಿಹಾರ ಕೇಳಲು ಎದುರು ವಾಹನವೂ ಇರುವುದಿಲ್ಲ.

ಕರ್ನಾಟಕದ ಆಟೋಗಳ ಬೆನ್ನ ಮೇಲೆ ಇಂದಿಗೂ ನಟ ಶಂಕರ್‌ನಾಗ್ ನಗುತ್ತಾರೆ. 1980ರ ‘ಆಟೋರಾಜ’ ಚಿತ್ರದಿಂದ ಚಾಲಕರ ಮನೆಮಗನಾದವರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅವರನ್ನು ಕಿತ್ತುಕೊಂಡದ್ದೂ ರಸ್ತೆ ಅಪಘಾತವೇ. ಅವರ ನಗುಮುಖವನ್ನು ಹೊತ್ತು ತಿರುಗುವವರ ಮೊಣಕಾಲಿನ ಮುಂದೆ ಪೆಟ್ಟು ತಡೆಯುವ ಮೆತ್ತೆಯ ಪಟ್ಟಿ, ಸೊಂಟಕ್ಕೊಂದು ಬೆಲ್ಟು, ಬಾಡಿಗೆ ಚಾಲಕನ ಹೆಸರಿಗೊಂದು ವಿಮೆ: ಇವು ದೊಡ್ಡ ಬೇಡಿಕೆಗಳಲ್ಲ. ತಯಾರಕರು, ಸರ್ಕಾರ, ಗಾಡಿ ಬಾಡಿಗೆಗೆ ಕೊಡುವ ಮಾಲೀಕರು ತಂತಮ್ಮ ಪಾಲಿನದನ್ನು ಮಾಡಬೇಕು. ನಮ್ಮ ಪಾಲಿನದೂ ಇದೆ. ಗಾಯಗೊಂಡವರನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಪೊಲೀಸ್, ಕೋರ್ಟು ಎಂದು ಹೆದರಿ ದಾಟಿ ಹೋಗಬೇಡಿ. ಬಿದ್ದ ಆಟೋದವನನ್ನು ಎತ್ತಿಕೊಳ್ಳಿ.